ಪಾರ್ಟ್ಸ್‌ಕಾಸ್ಟರ್

ಪಾರ್ಟ್ಸ್‌ಕಾಸ್ಟರ್ ಎಂಬುದು ಬೇರೆ ಬೇರೆ ಮೂಲಗಳಿಂದ ಸಂಗ್ರಹಿಸಿದ ಬಿಡಿಭಾಗಗಳನ್ನು ಜೋಡಿಸಿ ತಯಾರಿಸಿದ ವಿದ್ಯುತ್ ಗಿಟಾರ್. ಇದರ ತಯಾರಿಕೆ ಸಾಮಾನ್ಯವಾಗಿ ಬಣ್ಣ ಹಚ್ಚದ ಅಥವಾ ಯಾರೋ ಅರ್ಧಕ್ಕೆ ಬಿಟ್ಟು ಮಾರಿದ ಮರದ ಒಡಲಿನಿಂದ ಆರಂಭವಾಗುತ್ತದೆ. ಫೆಂಡರ್ ಸಂಸ್ಥೆಯ ಟೆಲಿಕಾಸ್ಟರ್ ಮತ್ತು ಸ್ಟ್ರಾಟೊಕಾಸ್ಟರ್ ಮಾದರಿಗಳ ಹೆಸರಿನ ಕೊನೆಯ ಭಾಗಕ್ಕೆ 'ಪಾರ್ಟ್ಸ್' ಎಂಬ ಪದವನ್ನು ಸೇರಿಸಿ ಈ ಹೆಸರನ್ನು ರೂಪಿಸಲಾಗಿದೆ.

ಹಿನ್ನೆಲೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ 1950ರ ದಶಕದ ಆರಂಭದಲ್ಲಿ ಟೆಲಿಕಾಸ್ಟರನ್ನು, 1954ರಲ್ಲಿ ಸ್ಟ್ರಾಟೊಕಾಸ್ಟರನ್ನು ಮಾರುಕಟ್ಟೆಗೆ ತಂದರು. ಇವುಗಳ ಕುತ್ತಿಗೆಯನ್ನು ಒಡಲಿಗೆ ಅಂಟಿಸುವ ಬದಲು ನಾಲ್ಕು ತಿರುಪುಗಳಿಂದ ಬಿಗಿಯಲಾಗುತ್ತಿತ್ತು. ಕಾರ್ಖಾನೆಯ ಕೆಲಸವನ್ನು ಸುಲಭಗೊಳಿಸಲು ಮಾಡಿದ ಈ ಏರ್ಪಾಡಿನಿಂದ ಒಂದು ಗಿಟಾರಿನ ಕುತ್ತಿಗೆಯನ್ನು ಇನ್ನೊಂದಕ್ಕೆ ಕೂರಿಸುವುದು ಸಾಧ್ಯವಾಯಿತು. 1970ರ ದಶಕದಲ್ಲಿ ಶೆಕ್ಟರ್, ಬೂಗಿ ಬಾಡೀಸ್ ಮುಂತಾದ ಸಂಸ್ಥೆಗಳು ಬಿಡಿ ಒಡಲು ಮತ್ತು ಕುತ್ತಿಗೆಗಳನ್ನು ಮಾರತೊಡಗಿದವು. ಫೆಂಡರ್ ಒಡಲುಗಳ ಆಕಾರವನ್ನು ವ್ಯಾಪಾರಚಿಹ್ನೆಯಾಗಿ ನೋಂದಾಯಿಸುವ ಕೋರಿಕೆಯನ್ನು ಅಮೆರಿಕದ ವ್ಯಾಪಾರಚಿಹ್ನೆ ಮಂಡಳಿಯು 2009ರಲ್ಲಿ ತಿರಸ್ಕರಿಸಿತು.

ಒಡಲಿನ ಪರೀಕ್ಷೆ

ಅಪೂರ್ಣ ಒಡಲಿನ ಬೆಲೆ ಕಡಿಮೆ. ಆದರೆ ಅದರಲ್ಲಿನ ಅಳತೆಯ ದೋಷವನ್ನು ಬಣ್ಣದಿಂದ ಮರೆಮಾಡಲಾಗದು. ಗಿಟಾರಿನ ಶ್ರುತಿಯು ತಂತಿಯ ಉದ್ದವನ್ನು ಅವಲಂಬಿಸಿರುತ್ತದೆ. ಕುತ್ತಿಗೆಯ ತುದಿಯ ನಟ್‌ನಿಂದ ಹನ್ನೆರಡನೆಯ ಫ್ರೆಟ್‌ಗೆ ಇರುವ ದೂರವೂ ಅಲ್ಲಿಂದ ಕುದುರೆಗೆ ಇರುವ ದೂರವೂ ಸರಿಸುಮಾರು ಸಮವಾಗಿರಬೇಕು. ಫೆಂಡರ್ ಮಾದರಿಯಲ್ಲಿ ತಂತಿಯ ಒಟ್ಟು ಉದ್ದ 648 ಮಿ.ಮೀ. ಆಗಿರುವುದರಿಂದ ಈ ದೂರ 324 ಮಿ.ಮೀ. ಆಗುತ್ತದೆ. ಗಿಬ್ಸನ್ ಮಾದರಿಯಲ್ಲಿ ಒಟ್ಟು ಉದ್ದ ಸುಮಾರು 628 ಮಿ.ಮೀ. ಕುದುರೆಯ ಮೇಲಿನ ಚಿಕ್ಕ ಆಸರೆಗಳನ್ನು ಕೆಲವು ಮಿಲಿಮೀಟರುಗಳಷ್ಟು ಮಾತ್ರ ಸರಿಸಬಹುದು. ಆದ್ದರಿಂದ ಕುದುರೆಯ ರಂಧ್ರಗಳನ್ನು ತಪ್ಪು ಜಾಗದಲ್ಲಿ ಕೊರೆದಿದ್ದರೆ ಆ ವಾದ್ಯವು ಯಾವ ಫ್ರೆಟ್‌ನಲ್ಲಿಯೂ ಸರಿಯಾದ ಸ್ವರವನ್ನು ನೀಡದು. ಹಳೆಯ ರಂಧ್ರಗಳಿಗೆ ಗಟ್ಟಿಮರದ ಬೆಣೆಯನ್ನು ಅಂಟಿನೊಡನೆ ಹೊಡೆದು ಮುಚ್ಚಿ, ಹೊಸದಾಗಿ ಕೊರೆಯುವುದು ಇದಕ್ಕೆ ಪರಿಹಾರ.

ಕುತ್ತಿಗೆ ಕೂರುವ ಗುಳಿಯ ಅಗಲ ಸುಮಾರು 56 ಮಿ.ಮೀ. ಇರುತ್ತದೆ. ಸ್ಟ್ರಾಟೊಕಾಸ್ಟರ್ ಕುತ್ತಿಗೆಯ ಬುಡ ದುಂಡಾಗಿಯೂ ಟೆಲಿಕಾಸ್ಟರ್ ಕುತ್ತಿಗೆಯ ಬುಡ ಚೌಕವಾಗಿಯೂ ಇರುವುದರಿಂದ ಅದಲುಬದಲು ಮಾಡಿದಾಗ ಅವು ಸರಿಯಾಗಿ ಕೂರುವುದಿಲ್ಲ. ಕೊರೆಯುವ ಮೊದಲು ಕುತ್ತಿಗೆಯನ್ನು ತಾತ್ಕಾಲಿಕವಾಗಿ ಬಿಗಿದು, ಅಂಚಿನ ಎರಡು ತಂತಿಗಳ ಜಾಗದಲ್ಲಿ ದಾರ ಎಳೆದು ನೋಡುವುದು ರೂಢಿ. ಎರಡೂ ದಾರಗಳು ಬೆರಳುಹಲಗೆಯ ಅಂಚಿನಿಂದ ಸಮಾನ ಅಂತರದಲ್ಲಿ ಹಾದುಹೋದರೆ ಜೋಡಣೆ ನೇರವಾಗಿದೆ ಎಂದರ್ಥ.

ಮರ ಮತ್ತು ಮೇಲ್ಮೈ

ಒಡಲಿಗೆ ಆಲ್ಡರ್, ಆ್ಯಶ್ ಮತ್ತು ಬಾಸ್‌ವುಡ್ ಮರಗಳು, ಕುತ್ತಿಗೆಗೆ ಮೇಪಲ್ ಸಾಮಾನ್ಯ. ಬೆರಳುಹಲಗೆಗೆ ಹೆಚ್ಚಾಗಿ ಬಳಸುವ ಬೀಟೆ ಮರವು ಕರ್ನಾಟಕವೂ ಸೇರಿದಂತೆ ಪಶ್ಚಿಮ ಘಟ್ಟಗಳ ಕಾಡುಗಳಲ್ಲಿ ಬೆಳೆಯುತ್ತದೆ. ಬೀಟೆಯ ಕುಲಕ್ಕೆ ಸೇರಿದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರ ಜನವರಿಯಿಂದ ಸೈಟಿಸ್ ಒಪ್ಪಂದದ ಅನುಮತಿ ಪತ್ರ ಬೇಕಾಯಿತು. ಪೂರ್ಣಗೊಂಡ ವಾದ್ಯಗಳಿಗೆ ಮತ್ತು ವಾದ್ಯಭಾಗಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ದೊರೆಯಿತು.

ಬಣ್ಣ ಹಚ್ಚುವ ಮುನ್ನ ಒಡಲನ್ನು ಒರಟಾದ ಉಪ್ಪುಕಾಗದದಿಂದ ಆರಂಭಿಸಿ ಹಂತಹಂತವಾಗಿ ನಯವಾದ ಕಾಗದದವರೆಗೆ, ಎಳೆಯ ದಿಕ್ಕಿನಲ್ಲಿಯೇ ಉಜ್ಜಲಾಗುತ್ತದೆ. ಆ್ಯಶ್ ಮರದ ರಂಧ್ರಗಳು ತೆರೆದಿರುವುದರಿಂದ ಅವನ್ನು ಪುಟ್ಟಿಯಿಂದ ತುಂಬದಿದ್ದರೆ ಮೇಲ್ಮೈ ಕನ್ನಡಿಯಂತೆ ಸಮತಟ್ಟಾಗುವುದಿಲ್ಲ. ಆಲ್ಡರ್ ಮರಕ್ಕೆ ಈ ಕೆಲಸ ಅಷ್ಟಾಗಿ ಬೇಕಿಲ್ಲ. ಬಣ್ಣದ ಪದರವು ದಪ್ಪವಾಗಿ ಕುತ್ತಿಗೆ ಕೂರದೇ ಹೋಗಬಹುದಾದ್ದರಿಂದ ಗುಳಿಗೆ ಮೊದಲೇ ಟೇಪು ಅಂಟಿಸಲಾಗುತ್ತದೆ. ನೈಟ್ರೊಸೆಲ್ಯುಲೋಸ್ ಮೆರುಗು ಪೂರ್ತಿ ಗಟ್ಟಿಯಾಗಲು ವಾರಗಳು ಹಿಡಿಯುತ್ತವೆ.

ಈ ಹಂತದಲ್ಲಿ ಆರೋಗ್ಯಕ್ಕೂ ಅಪಾಯವಿದೆ. ಎರಡು ಭಾಗಗಳನ್ನು ಬೆರೆಸಿ ಸಿಂಪಡಿಸುವ ಪಾಲಿಯುರಿಥೇನ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಹಾನಿಕರ. ಇದಕ್ಕೆ ಸಾಮಾನ್ಯ ಧೂಳಿನ ಮುಖಗವಸು ಸಾಲದು. ಅಗಸೆ ಎಣ್ಣೆ, ಟಂಗ್ ಎಣ್ಣೆ ಮುಂತಾದ ಒಣಗುವ ಎಣ್ಣೆಗಳಲ್ಲಿ ಅದ್ದಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ಹರಡಿ ಒಣಗಿಸಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು.

ವಿದ್ಯುತ್ ಭಾಗಗಳು

ಪಿಕಪ್ ಎಂಬುದು ಅಯಸ್ಕಾಂತದ ಸುತ್ತ ತೆಳುವಾದ ತಾಮ್ರದ ತಂತಿ ಸುತ್ತಿದ ಸುರುಳಿ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಸಂಕೇತ ಹುಟ್ಟುತ್ತದೆ. ಒಂಟಿ ಸುರುಳಿಯ ಪಿಕಪ್‌ಗಳಿಗೆ ಸಾಮಾನ್ಯವಾಗಿ 250 ಕಿಲೋಓಮ್, ಜೋಡಿ ಸುರುಳಿಯ ಹಂಬಕರ್‌ಗಳಿಗೆ 500 ಕಿಲೋಓಮ್ ನಿಯಂತ್ರಕಗಳನ್ನು ಬೆಸೆಯಲಾಗುತ್ತದೆ. ಒಂದು ತಂತಿಯನ್ನು ಕುದುರೆಗೆ ಭೂಸಂಪರ್ಕವಾಗಿ ಜೋಡಿಸುವುದು ಅಗತ್ಯ. ಇದನ್ನು ಮರೆತರೆ ವಾದಕನು ತಂತಿ ಮುಟ್ಟಿದಾಗಲೂ ಗುಂಯ್ ಎಂಬ ಸದ್ದು ಅಡಗುವುದಿಲ್ಲ. ಗುಳಿಯ ಒಳಗೋಡೆಗೆ ತಾಮ್ರದ ಹಾಳೆ ಅಂಟಿಸಿ ಅದನ್ನೂ ಭೂಸಂಪರ್ಕಕ್ಕೆ ಸೇರಿಸಿದರೆ ಗದ್ದಲ ಮತ್ತಷ್ಟು ತಗ್ಗುತ್ತದೆ.

ಜೋಡಣೆ ಮತ್ತು ಹದಗೊಳಿಸುವಿಕೆ

ಮೇಪಲ್ ಗಟ್ಟಿಮರವಾದ್ದರಿಂದ ಮೊದಲು ಸರಿಯಾದ ಅಳತೆಯ ರಂಧ್ರ ಕೊರೆಯದೆ ತಿರುಪು ಹಾಕಿದರೆ ಅದು ಒಳಗೇ ಮುರಿಯಬಹುದು. ಆದ್ದರಿಂದ ತಿರುಪಿಗೆ ಮೇಣ ಸವರುವ ಪದ್ಧತಿಯಿದೆ. ತಂತಿ ಕಟ್ಟಿದ ಬಳಿಕ ಕುತ್ತಿಗೆಯೊಳಗಿನ ಉಕ್ಕಿನ ಸರಳನ್ನು ತಿರುಗಿಸಿ ಅದರ ಬಾಗನ್ನು ಸರಿಪಡಿಸಲಾಗುತ್ತದೆ. ಅನಂತರ ಕುದುರೆಯಲ್ಲಿ ತಂತಿಗಳ ಎತ್ತರವನ್ನು ಹೊಂದಿಸಲಾಗುತ್ತದೆ. ಕೊನೆಯದಾಗಿ, ಹನ್ನೆರಡನೆಯ ಫ್ರೆಟ್‌ನಲ್ಲಿ ತಂತಿಯನ್ನು ಒತ್ತಿ ನುಡಿಸಿದ ಸ್ವರವನ್ನು ಅದೇ ಜಾಗದಲ್ಲಿ ಬೆರಳನ್ನು ಹಗುರವಾಗಿ ತಾಗಿಸಿ ಪಡೆದ ಸ್ವರದೊಂದಿಗೆ ಹೋಲಿಸಲಾಗುತ್ತದೆ. ಒತ್ತಿದ ಸ್ವರ ಏರಿದ್ದರೆ ಆಸರೆಯನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಬೇಕು.

ಪ್ರಸಿದ್ಧ ಉದಾಹರಣೆಗಳು

ಎಡ್ಡಿ ವ್ಯಾನ್ ಹೇಲನ್ ತಮ್ಮ 'ಫ್ರಾಂಕನ್‌ಸ್ಟ್ರಾಟ್' ಗಿಟಾರಿಗಾಗಿ ಬೂಗಿ ಬಾಡೀಸ್ ಸಂಸ್ಥೆಯಿಂದ ದೋಷವಿದ್ದ ಆ್ಯಶ್ ಒಡಲೊಂದನ್ನು 50 ಡಾಲರಿಗೂ ಕುತ್ತಿಗೆಯನ್ನು 80 ಡಾಲರಿಗೂ ಕೊಂಡರು. ಗಿಬ್ಸನ್ ಗಿಟಾರೊಂದರಿಂದ ತೆಗೆದ ಹಂಬಕರನ್ನು ಕರಗಿದ ಮೇಣದಲ್ಲಿ ಅದ್ದಿ ಅದರ ಕಿರಿಚುವಿಕೆಯನ್ನು ತಗ್ಗಿಸಿದರು. ಟೇಪು ಅಂಟಿಸಿ ಬಣ್ಣ ಸಿಂಪಡಿಸಿ ಮೂಡಿಸಿದ ಕಪ್ಪು–ಬಿಳಿ ಪಟ್ಟೆಗಳು 1978ರ ಅವರ ತಂಡದ ಮೊದಲ ಆಲ್ಬಮ್ಮಿನ ಹೊದಿಕೆಯಲ್ಲಿ ಕಾಣುತ್ತವೆ. ಕೆಂಪು ಬಣ್ಣವನ್ನು ಬಳಿಕ ಸೇರಿಸಲಾಯಿತು. 2007ರಲ್ಲಿ ಫೆಂಡರ್ ಇದರ 300 ಪ್ರತಿಕೃತಿಗಳನ್ನು ತಲಾ 25,000 ಡಾಲರ್ ಬೆಲೆಗೆ ಹೊರತಂದಿತು. ಎರಿಕ್ ಕ್ಲಾಪ್ಟನ್ ಮೂರು ಹಳೆಯ ಸ್ಟ್ರಾಟೊಕಾಸ್ಟರುಗಳ ಭಾಗಗಳಿಂದ ಜೋಡಿಸಿದ 'ಬ್ಲ್ಯಾಕಿ' 2004ರ ಹರಾಜಿನಲ್ಲಿ 9,59,500 ಡಾಲರಿಗೆ ಮಾರಾಟವಾಯಿತು.

ಮೌಲ್ಯ

ಇವು ಅಪವಾದಗಳು. ಸಾಮಾನ್ಯ ಪಾರ್ಟ್ಸ್‌ಕಾಸ್ಟರನ್ನು ಮಾರುವಾಗ ಬಿಡಿಭಾಗಗಳಿಗೆ ತಗುಲಿದ ಹಣವೂ ಹಿಂದಿರುಗದಿರುವುದೇ ಹೆಚ್ಚು. ತಯಾರಕರ ಹೆಸರಿನ ನಕಲಿ ಚೀಟಿಯನ್ನು ತಲೆಭಾಗಕ್ಕೆ ಅಂಟಿಸಿ ಮೂಲ ವಾದ್ಯವೆಂದು ಮಾರುವುದು ವಂಚನೆಯಾಗುತ್ತದೆ. ಹಳೆಯ ಗಿಟಾರ್ ಕೊಳ್ಳುವವರು ಕುತ್ತಿಗೆಯನ್ನು ಬಿಚ್ಚಿ, ಅದರ ಬುಡದ ಮತ್ತು ಗುಳಿಯ ಗುರುತುಗಳು ಪರಸ್ಪರ ಹೊಂದುತ್ತವೆಯೇ ಎಂದು ಪರಿಶೀಲಿಸುವುದು ಈ ಕಾರಣದಿಂದಲೇ.