ನಿಮಗಿದು ಗೊತ್ತೆ? ಮಳೆನೀರು ಎರಡು ಕಡಲಿಗೆ

ಸಕಲೇಶಪುರದಿಂದ ಮಂಗಳೂರಿಗೆ ಹೊರಟವರು ಮಾರನಹಳ್ಳಿ ದಾಟುವ ಹೊತ್ತಿಗೆ ನೀರಿನ ದಿಕ್ಕೇ ಬದಲಾಗಿರುತ್ತದೆ. ಸಕಲೇಶಪುರ ಪೇಟೆಯ ಪಕ್ಕ ಹರಿಯುವ ಹೇಮಾವತಿ ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಶಿರಾಡಿ ಘಾಟಿಯ ಕೆಂಪುಹೊಳೆ ಗುಂಡ್ಯ, ಕುಮಾರಧಾರೆಯಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಬಿಸಿಲೆ ಕಡೆಯ ಮಂಕನಹಳ್ಳಿಯಲ್ಲಿ ಈ ನೀರ್ಗಡಿಯನ್ನು ತೋರಿಸುವ ಕಲ್ಲೇ ಇದೆ. ಎರಡೂ ಕಡಲಿನ ಹೆಸರು ಅದರ ಮೇಲುಂಟು.

ಹಿಂದೆ ಈ ಘಟ್ಟದಲ್ಲಿ ಚಾರಣಿಗರಿಗೆ ಎಡಕುಮೇರಿ ರೈಲು ಹಳಿಯೇ ದಾರಿ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ಸುಮಾರು 55 ಕಿ.ಮೀ.ಗೆ 57 ಸುರಂಗ! ಸುರಂಗದ ಕತ್ತಲಲ್ಲಿ ರೈಲು ಎದುರಾದರೆ ಸರಿದು ನಿಲ್ಲಲು ಜಾಗವೆಲ್ಲಿ? ಹಳಿಯ ಮೇಲೆ ನಡೆಯುವುದು ಈಗ ನಿಷಿದ್ಧ, ಆಗಬೇಕಾದದ್ದೇ.

ಕಾಡಿನ ಚಾರಣಕ್ಕೆ ಸರಿಯಾದ ದಾರಿ ಅರಣ್ಯ ಇಲಾಖೆಯದು. 2024ರಲ್ಲಿ ಸುಬ್ರಹ್ಮಣ್ಯದ ಬಳಿಯ ಕುಮಾರ ಪರ್ವತದಲ್ಲಿ ಜನಜಾತ್ರೆ ಆದ ಮೇಲೆ ಇಲಾಖೆ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿತು. 1,712 ಮೀಟರ್ ಎತ್ತರದ ಈ ಶಿಖರವಿರುವ ಪುಷ್ಪಗಿರಿ ವನ್ಯಧಾಮ, 2012ರಿಂದ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯ ಪಶ್ಚಿಮ ಘಟ್ಟದ ತಾಣಗಳಲ್ಲೊಂದು.

ಜೊತೆಗೆ ಬರುವ ಸ್ಥಳೀಯ ಗೈಡ್ ದಾರಿ ತೋರಿಸುವುದಷ್ಟೇ ಅಲ್ಲ, ಹಸಿ ಆನೆ ಲದ್ದಿ ಕಂಡರೆ ಗುಂಪನ್ನು ಅಲ್ಲೇ ನಿಲ್ಲಿಸುತ್ತಾನೆ. ಮಳೆಗಾಲದಲ್ಲಿ ಕಾಲಿಗೆ ಹತ್ತುವ ಇಂಬಳಕ್ಕೆ ಮಲೆನಾಡಿಗರ ಮದ್ದು ಚಿಟಿಕೆ ಉಪ್ಪು, ಇಲ್ಲವೇ ಸುಣ್ಣ–ಹೊಗೆಸೊಪ್ಪು. ಕಿತ್ತೆಳೆದರೆ ರಕ್ತ ನಿಲ್ಲುವುದು ಇನ್ನೂ ತಡ.