ಶೀತಕ ದ್ರವದ ಕದಡುವಿಕೆ (ಗಣಕಯಂತ್ರ)

ಶೀತಕ ದ್ರವದ ಕದಡುವಿಕೆ ಎಂದರೆ ಗಣಕಯಂತ್ರದ ಜಲಶೀತಲೀಕರಣ ವ್ಯವಸ್ಥೆಯಲ್ಲಿ ಹರಿಯುವ ದ್ರವವು ಪಾರದರ್ಶಕತೆಯನ್ನು ಕಳೆದುಕೊಂಡು ಮಬ್ಬಾಗುವ ಸ್ಥಿತಿ. ಇದು ನೋಟದ ಕುಂದು ಮಾತ್ರವಲ್ಲ. ಪ್ರೊಸೆಸರ್ ಮೇಲೆ ಕೂರುವ ತಾಮ್ರದ ಫಲಕದ ಕಾಲುವೆಗಳು ಒಂದು ಮಿಲಿಮೀಟರಿಗಿಂತಲೂ ಕಿರಿದಾಗಿರುವುದರಿಂದ ಅಲ್ಪ ಕಸವೂ ಹರಿವನ್ನು ತಡೆದು ತಾಪಮಾನವನ್ನು ಏರಿಸಬಲ್ಲದು.

ದ್ರವವನ್ನು ಹೊಸದಾಗಿ ತುಂಬಿದಾಗ ಕಾಣುವ ಮಬ್ಬು ಬಹುಮಟ್ಟಿಗೆ ಸೂಕ್ಷ್ಮ ಗಾಳಿಗುಳ್ಳೆಗಳದ್ದು. ಪಂಪನ್ನು ನಿಲ್ಲಿಸಿದರೆ ತಾನಾಗಿಯೇ ತಿಳಿಯಾಗುತ್ತದೆ. ತಿಂಗಳುಗಳ ನಂತರ ಕಾಣಿಸಿಕೊಳ್ಳುವ ಮಬ್ಬಿಗೆ ಕಾರಣ ಬೇರೆ. ಮೃದುವಾದ ಪಿವಿಸಿ ಕೊಳವೆಗಳಿಗೆ ಬಾಗುವ ಗುಣ ಬರಲೆಂದು ಬೆರೆಸಿದ ಪ್ಲಾಸ್ಟಿಸೈಜರ್ ಬೆಚ್ಚನೆಯ ದ್ರವಕ್ಕೆ ಜಿನುಗಿ, ಒಳಗೋಡೆಯ ಮೇಲೆ ಬಿಳಿ ಲೇಪವಾಗಿಯೂ ಕಾಲುವೆಗಳಲ್ಲಿ ಅಂಟಾಗಿಯೂ ಕೂರುತ್ತದೆ. ಇದನ್ನು ಪಾಚಿಯೆಂದು ಭ್ರಮಿಸಿ ಜೀವಿನಾಶಕವನ್ನು ಸುರಿಯುವುದುಂಟು, ಅದರಿಂದ ಪ್ರಯೋಜನವಿಲ್ಲ. ಲೋಳೆಯೂ ದುರ್ವಾಸನೆಯೂ ಇದ್ದಲ್ಲಿ ಮಾತ್ರ ಸೂಕ್ಷ್ಮಜೀವಿಗಳನ್ನು ಶಂಕಿಸುವುದು ಸರಿ. ತಾಮ್ರದೊಡನೆ ಅಲ್ಯೂಮಿನಿಯಂ ಬಿಡಿಭಾಗವಿದ್ದರೆ ವಿದ್ಯುದ್ರಾಸಾಯನಿಕ ಕ್ರಿಯೆಯಿಂದ ಅಲ್ಯೂಮಿನಿಯಂ ಸವೆದು ಬಿಳಿಯ ಗಸಿ ಉಂಟಾಗುತ್ತದೆ. ಇಲ್ಲಿ ದ್ರವವನ್ನು ಎಷ್ಟು ಬಾರಿ ಬದಲಿಸಿದರೂ ವ್ಯರ್ಥ, ಲೋಹವನ್ನೇ ಬದಲಿಸಬೇಕು.

ಸ್ವಲ್ಪ ದ್ರವವನ್ನು ಗಾಜಿನ ಲೋಟದಲ್ಲಿ ಒಂದು ದಿನ ಅಲುಗಾಡಿಸದೆ ಇಡುವುದು ಸರಳ ಪರೀಕ್ಷೆ: ಗಾಳಿಗುಳ್ಳೆಗಳು ಮೇಲೇರಿ ಮಾಯವಾಗುತ್ತವೆ, ಭಾರವಾದ ಗಸಿ ತಳ ಸೇರುತ್ತದೆ. ಬಣ್ಣಕ್ಕಾಗಿಯೇ ಅಪಾರದರ್ಶಕವಾಗಿ ತಯಾರಿಸಿದ ದ್ರವಗಳಿಗೆ ಇದು ಅನ್ವಯಿಸುವುದಿಲ್ಲ.

ಗಾಳಿಯ ಹೊರತು ಕಾರಣ ಯಾವುದೇ ಇರಲಿ, ದ್ರವವನ್ನು ಪೂರ್ಣವಾಗಿ ಹೊರತೆಗೆದು, ಫಲಕವನ್ನು ಬಿಚ್ಚಿ ಮೃದುವಾದ ಬ್ರಷ್‌ನಿಂದ ಉಜ್ಜಿ, ಭಟ್ಟಿ ಇಳಿಸಿದ ನೀರಿನಿಂದ ತೊಳೆಯಬೇಕಾಗುತ್ತದೆ. ನಲ್ಲಿಯ ನೀರಿನಲ್ಲಿ ಲವಣಗಳಿರುವುದರಿಂದ ಅದು ಸಲ್ಲದು. ಪ್ಲಾಸ್ಟಿಸೈಜರ್ ಕಂಡುಬಂದಲ್ಲಿ ಕೊಳವೆಗಳನ್ನು ತೆಗೆದು ಇಪಿಡಿಎಂ ರಬ್ಬರಿನವನ್ನು ಜೋಡಿಸಲಾಗುತ್ತದೆ.