ಕೋಟೆಯ ಊರು, ಸೆರೆಯ ಊರು

ಒಂದು ಕಾಲಕ್ಕೆ ಕಾಶಿ-ರಾಮೇಶ್ವರಗಳೇ ದೂರದ ಯಾತ್ರೆಯಾಗಿದ್ದ ಮನೆತನಗಳ ಮಕ್ಕಳು ಇಂದು ಬ್ಯಾಂಕಾಕ್, ಸಿಂಗಪುರ, ಜಾವಾ, ಬಾಲಿಗಳಿಗೆ ಹೋಗಿಬರುತ್ತಾರೆ. ಹೋಗಿಬಂದವರನ್ನು ಏನು ಕಂಡಿರೆಂದು ಕೇಳಿದರೆ ಅರಮನೆ, ದೇವಾಲಯ, ಅಂಗಡಿಬೀದಿ, ಕಡಲ ದಂಡೆಗಳ ವರ್ಣನೆ ದೊರೆಯುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಊರನ್ನು ನೋಡುವುದೆಂದರೆ ಅದರ ವೈಭವವನ್ನು ನೋಡುವುದಷ್ಟೇ ಅಲ್ಲ. ಆ ಊರಿನ ಜನ ಯಾವುದನ್ನು ನೆನಪಿನಲ್ಲಿ ಉಳಿಸಿಕೊಂಡಿದ್ದಾರೆ, ಯಾವುದನ್ನು ಮರೆತಿದ್ದಾರೆ ಎಂಬುದನ್ನೂ ನೋಡುವುದು. ಗೆಲುವನ್ನು ಎಲ್ಲ ಊರುಗಳೂ ನೆನೆಯುತ್ತವೆ. ಸೋಲನ್ನು ನೆನೆಯುವ ಊರಿಗೆ ಮಾತ್ರ ಹೆಚ್ಚಿನ ಎದೆಗಾರಿಕೆ ಬೇಕು.

ಜಾವಾದ ಒಂದು ಪಾಠ

ಇಂಡೊನೇಷ್ಯಾದ ದೊಡ್ಡ ಪಟ್ಟಣಗಳಲ್ಲಿ ಸಂಚರಿಸುವವನಿಗೆ ಒಂದು ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಅದು ಯೋಗ್ಯಕರ್ತದ ರಾಜಕುಮಾರ ದಿಪೊನೆಗೊರೊನ ಹೆಸರು. 1825ರಲ್ಲಿ ಅವನು ಡಚ್ಚರ ವಿರುದ್ಧ ಎದ್ದ. ಐದು ವರುಷ ನಡೆದ ಆ ಯುದ್ಧದಲ್ಲಿ ಎರಡು ಲಕ್ಷದಷ್ಟು ಜಾವಾ ಜನರು ಅಳಿದರೆಂದು ಇತಿಹಾಸಕಾರರು ಎಣಿಸುತ್ತಾರೆ. 1830ರ ಮಾರ್ಚ್ 28ರಂದು ಮಾತುಕತೆಗೆಂದು ಮಗೆಲಾಂಗಿಗೆ ಬಂದ ಅವನನ್ನು ಡಚ್ ಸೇನಾಪತಿ ಸೆರೆಹಿಡಿದ. ಮಗೆಲಾಂಗಿನಿಂದ ಸೆಮರಾಂಗಿಗೆ, ಅಲ್ಲಿಂದ ಇಂದಿನ ಜಕಾರ್ತವಾದ ಬಟೇವಿಯಾಕ್ಕೆ, ಬಳಿಕ ಸುಲವೇಸಿ ದ್ವೀಪದ ಮನಾಡೊಗೆ, ಕೊನೆಗೆ ಮಕಸ್ಸರಿಗೆ ಅವನನ್ನು ಒಯ್ದರು. ಅಲ್ಲಿಯ ಕೋಟೆಯಲ್ಲಿ ಬಹುಕಾಲ ಬಂದಿಯಾಗಿದ್ದು 1855ರ ಜನವರಿ 8ರಂದು ಅವನು ತೀರಿಕೊಂಡ. ಮನಾಡೊದ ಸೆರೆಯಲ್ಲಿ ಅವನು ಬರೆಯಿಸಿದ ಆತ್ಮಕಥೆಯನ್ನು 2013ರಲ್ಲಿ ಯುನೆಸ್ಕೊ ಸಂಸ್ಥೆ ಜಗತ್ತಿನ ಸ್ಮೃತಿಸಂಪತ್ತಿನ ಪಟ್ಟಿಯಲ್ಲಿ ಸೇರಿಸಿಕೊಂಡಿತು.

ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಆ ದೇಶದ ಜನ ಅವನು ಕುದುರೆಯೇರಿ ನಿಂತ ಪ್ರತಿಮೆಯನ್ನು ರಾಜಧಾನಿಯಲ್ಲಿ ನಿಲ್ಲಿಸಿ ಸುಮ್ಮನಾಗಲಿಲ್ಲ. ಅವನು ಸೆರೆಸಿಕ್ಕ ಮಗೆಲಾಂಗಿನ ಮನೆ, ಅವನನ್ನು ಇರಿಸಿದ್ದ ಬಟೇವಿಯಾದ ಹಳೆಯ ನಗರಸಭಾಭವನ, ಮಕಸ್ಸರಿನ ಕೋಟೆ, ಅವನ ಗೋರಿ, ಇವೆಲ್ಲವೂ ಇಂದು ನೋಡುವ ಸ್ಥಳಗಳಾಗಿವೆ. ಸೆರೆಯ ದಾರಿಯೇ ಯಾತ್ರೆಯ ದಾರಿಯಾಗಿದೆ.

ಇದೇ ಅವಧಿಯಲ್ಲಿ ನಮ್ಮ ಬೆಳಗಾವಿ ಸೀಮೆಯಲ್ಲಿಯೂ ಇಂಥದೇ ಕಥೆಯೊಂದು ನಡೆಯಿತು. ದಿಪೊನೆಗೊರೊ ಬಂದಿಯಾದ ಮರುತಿಂಗಳೇ, 1830ರ ಏಪ್ರಿಲಿನಲ್ಲಿ, ಸಂಗೊಳ್ಳಿ ರಾಯಣ್ಣ ದ್ರೋಹದಿಂದ ಸೆರೆಸಿಕ್ಕ. ಇಬ್ಬರೂ ಒಬ್ಬರನ್ನೊಬ್ಬರು ಕೇಳಿ ಅರಿತವರಲ್ಲ. ಆದರೂ ಒಂದೇ ಬಗೆಯ ಬಿರುಗಾಳಿಗೆ ಎದೆಯೊಡ್ಡಿದವರು. ಜಾವಾದ ಯಾತ್ರಿಕ ಕಲಿತ ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ದಾರಿಯನ್ನು ಹಿಡಿದರೆ ಏನು ಕಂಡೀತು?

ಗೆಲುವಿನ ಊರು

ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿಯೇ ಕಿತ್ತೂರು ಇದೆ. ಕೋಟೆಯೊಳಗಿನ ಅರಮನೆ ಇಂದು ಬೋಳುಗೋಡೆಗಳಾಗಿ ನಿಂತಿದ್ದರೂ ಅದರ ವಿಸ್ತಾರದಿಂದ ಹಿಂದಿನ ವೈಭವವನ್ನು ಊಹಿಸಬಹುದು. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ದತ್ತಕವನ್ನು ಒಪ್ಪಲು ಧಾರವಾಡದ ಕಲೆಕ್ಟರ್ ಥ್ಯಾಕರೆ ನಿರಾಕರಿಸಿದ. ಕಂಪನಿಯ ದಂಡು ಅದೇ ವರುಷ ಬ್ರಹ್ಮದೇಶದ ರಂಗೂನನ್ನು ಹಿಡಿದಿತ್ತು; ಕಿತ್ತೂರು ಅದಕ್ಕೆ ಒಂದು ದಿನದ ಕೆಲಸವೆಂದೇ ತೋರಿರಬೇಕು. ಆದರೆ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ರಾಣಿ ಚೆನ್ನಮ್ಮನ ಸೈನ್ಯ ಹೊರಬಿದ್ದಿತು. ಥ್ಯಾಕರೆ ಹತನಾದ. ಅವನನ್ನು ಹೊಡೆದವನು ಅಮಟೂರು ಬಾಳಪ್ಪನೆಂದು ಈ ಸೀಮೆ ಇಂದಿಗೂ ಹೇಳುತ್ತದೆ.

ಪ್ರತಿವರುಷ ಅಕ್ಟೋಬರಿನಲ್ಲಿ ನಡೆಯುವ ಕಿತ್ತೂರು ಉತ್ಸವ ಆ ದಿನದ ಸ್ಮರಣೆಯೇ ಆಗಿದೆ. 2007ರಲ್ಲಿ ಸಂಸತ್ ಭವನದ ಆವರಣದಲ್ಲಿ ರಾಣಿಯ ಪ್ರತಿಮೆ ಅನಾವರಣಗೊಂಡಿತು. 2021ರಲ್ಲಿ ಮುಂಬಯಿ ಕರ್ನಾಟಕವೆಂಬ ಹಳೆಯ ಹೆಸರನ್ನು ತೆಗೆದು ಈ ಭಾಗಕ್ಕೆ ಕಿತ್ತೂರು ಕರ್ನಾಟಕವೆಂದೇ ಹೆಸರಿಟ್ಟರು. ಒಂದು ಚಿಕ್ಕ ಸಂಸ್ಥಾನದ ಹೆಸರು ಹಲವು ಜಿಲ್ಲೆಗಳ ಹೆಸರಾದುದು ಕಡಿಮೆಯ ಗೌರವವಲ್ಲ.

ಆ ಕಾಳಗದಲ್ಲಿ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆಸಿಕ್ಕರು. ಅವರಲ್ಲೊಬ್ಬನಾದ ವಾಲ್ಟರ್ ಎಲಿಯಟ್ ಕೆಲವು ವಾರ ಕಿತ್ತೂರಿನ ಬಂದಿಯಾಗಿದ್ದು ಬಿಡುಗಡೆ ಹೊಂದಿದ. ಮುಂದೆ ಆತನೇ ಈ ಸೀಮೆಯ ಊರೂರುಗಳಿಂದ ಆರುನೂರರಷ್ಟು ಶಾಸನಗಳ ಪ್ರತಿಗಳನ್ನು ಕೂಡಿಸಿ, 1837ರಲ್ಲಿ ಅವುಗಳ ಆಧಾರದಿಂದ ಚಾಳುಕ್ಯಾದಿ ರಾಜವಂಶಗಳ ವೃತ್ತಾಂತವನ್ನು ಪ್ರಕಟಿಸಿದ. ಕರ್ನಾಟಕದ ಚರಿತ್ರೆಯನ್ನು ಶಾಸನಗಳ ಮೂಲಕ ತಿಳಿಯುವ ಮಾರ್ಗವನ್ನು ಮೊದಲು ತೆರೆದವರಲ್ಲಿ ಒಬ್ಬನು ಕಿತ್ತೂರಿನ ಸೆರೆಯಾಳಾಗಿದ್ದನೆಂಬುದು ಚರಿತ್ರೆಯ ವಿಚಿತ್ರ. ಅವನನ್ನು ಜೀವಸಹಿತ ಉಳಿಸಿದ ರಾಣಿಯ ಔದಾರ್ಯದ ಫಲವನ್ನು ಕನ್ನಡ ವಿದ್ವತ್ತು ಉಂಡಿದೆ.

ಕಥೆಯ ಕೊನೆ ನಡೆದ ಊರು

ಬಹುಮಂದಿಯ ಪ್ರವಾಸ ಕಿತ್ತೂರಿನಲ್ಲಿಯೇ ಮುಗಿಯುತ್ತದೆ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಡಿಸೆಂಬರಿನ ಮೊದಲ ವಾರದಲ್ಲಿ ದೊಡ್ಡ ದಂಡಿನೊಡನೆ ಬಂದ ಇಂಗ್ಲಿಷರು ಕೋಟೆಯನ್ನು ಗೆದ್ದುಕೊಂಡರು. ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿ ಬಂಧನದಲ್ಲಿರಿಸಿದರು. ನಾಲ್ಕು ವರುಷಗಳಿಗೂ ಮೀರಿ ಅಲ್ಲಿ ಸೆರೆಯಲ್ಲಿದ್ದು, 1829ರ ಫೆಬ್ರವರಿಯಲ್ಲಿ ಆಕೆ ಕಣ್ಣುಮುಚ್ಚಿದಳು. ಸಮಾಧಿ ಆ ಊರಿನಲ್ಲಿಯೇ ಇದೆ.

ಬೈಲಹೊಂಗಲ ಕರಿಮಣ್ಣಿನ ಊರು, ಹತ್ತಿಯ ಪೇಟೆಯ ಊರು. ಸಂತೆಗೆ ಬಂದ ಒಕ್ಕಲಿಗ ಚಕ್ಕಡಿಯ ಕಾಲ ಕಳೆದು ಟ್ರ್ಯಾಕ್ಟರಿನ ಕಾಲಕ್ಕೆ ಬಂದಿದ್ದಾನೆ. ಆದರೂ ಪೇಟೆಯ ಗದ್ದಲ ತಗ್ಗಿಲ್ಲ. ಆ ಗದ್ದಲದ ನಡುವೆ ಸಮಾಧಿಯ ಮುಂದೆ ನಿಂತವನ ಮನಸ್ಸಿನಲ್ಲಿ ಕಿತ್ತೂರಿನ ಕೋಟೆ ಏಳಿಸದ ಒಂದು ಪ್ರಶ್ನೆ ಏಳುತ್ತದೆ. ಅಕ್ಟೋಬರ್ 23ರ ಒಂದು ದಿನವನ್ನು ನಾವು ಬಲ್ಲೆವು. ಆಮೇಲಿನ ಸಾವಿರದ ಐನೂರಕ್ಕೂ ಹೆಚ್ಚು ದಿನಗಳನ್ನು ಆಕೆ ಹೇಗೆ ಕಳೆದಿರಬೇಕು? ಕತ್ತಿ ಹಿಡಿದು ನಿಲ್ಲುವುದಕ್ಕೆ ಬೇಕಾದ ಧೈರ್ಯ ಒಂದು ಬಗೆಯದು. ಕತ್ತಿ ಕಳೆದುಕೊಂಡ ಮೇಲೆ ತಲೆಯೆತ್ತಿ ಬಾಳುವುದಕ್ಕೆ ಬೇಕಾದುದು ಇನ್ನೊಂದು ಬಗೆಯದು. ಮೊದಲನೆಯದಕ್ಕೆ ನಾವು ಪ್ರತಿಮೆಗಳನ್ನು ಕಟ್ಟಿದ್ದೇವೆ. ಎರಡನೆಯದಕ್ಕೆ ಉಳಿದಿರುವುದು ಈ ಸಮಾಧಿಯೊಂದೇ.

ಬೈಲಹೊಂಗಲದ ತಾಲೂಕಿನಲ್ಲಿಯೇ ಮಲಪ್ರಭೆಯ ತೀರದ ಸಂಗೊಳ್ಳಿಯೂ ಇದೆ. ರಾಣಿ ತೀರಿಹೋದ ವರುಷದಲ್ಲಿಯೇ ರಾಯಣ್ಣ ದಂಡು ಕಟ್ಟಿದನೆಂಬುದನ್ನು ನೆನೆದರೆ, ಸೆರೆಮನೆಯಲ್ಲಿ ಆರಿದ ದೀಪದಿಂದಲೂ ಇನ್ನೊಂದು ದೀಪ ಹೊತ್ತಿಕೊಂಡಿತೆನ್ನಬೇಕಾಗುತ್ತದೆ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ನಂದಗಡಕ್ಕೆ ಹೋಗುವ ಜನ ಇಂದಿಗೂ ಅವನ ಸಮಾಧಿಗೆ ಕೈಮುಗಿಯುತ್ತಾರೆ. ವಿದ್ಯಾವಂತರು ಮರೆಯಬಹುದಾದ ದಾರಿಯನ್ನು ಲಾವಣಿಕಾರರೂ ಹರಕೆ ಹೊತ್ತ ತಾಯಂದಿರೂ ಮರೆತಿಲ್ಲ.

ಗುಡ್ಡದ ತಾಯಿ, ಕಟ್ಟಿನ ಹೊಳೆ

ಮಲಪ್ರಭೆಯ ಜೊತೆಯಲ್ಲಿಯೇ ಮೂಡಣಕ್ಕೆ ಸಾಗಿದರೆ ಸವದತ್ತಿ. ಶಾಸನಗಳ ಸುಗಂಧವರ್ತಿ ಇದೇ. ರಾಷ್ಟ್ರಕೂಟರಿಗೂ ಮುಂದೆ ಕಲ್ಯಾಣದ ಚಾಳುಕ್ಯರಿಗೂ ಸಾಮಂತರಾಗಿದ್ದ ರಟ್ಟರು ಇಲ್ಲಿಂದ ಆಳಿದರು. 13ನೆಯ ಶತಮಾನದ ಆರಂಭದ ಹೊತ್ತಿಗೆ ಅವರ ರಾಜಧಾನಿ ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ, ಸರಿಯಿತು. ಊರ ನಡುವಿನ ಕೋಟೆ ಬಹಳ ಈಚಿನದು. ಅದನ್ನು 18ನೆಯ ಶತಮಾನದಲ್ಲಿ ಸಿರಸಂಗಿಯ ದೇಸಾಯಿಗಳು ಕಟ್ಟಿಸಿದರು. ಅರಸರು ಬಂದರು, ಹೋದರು. ಸವದತ್ತಿಗೆ ಜನ ಬರುವುದು ಅವರಿಗಾಗಿ ಅಲ್ಲ, ಗುಡ್ಡದ ಎಲ್ಲಮ್ಮನಿಗಾಗಿ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಕರ್ನಾಟಕ, ಮಹಾರಾಷ್ಟ್ರ, ಆಂಧ್ರಗಳಿಂದ ಹರಿದುಬರುವ ಜನಸಾಗರ, ಭಂಡಾರದ ಹಳದಿ, ಚೌಡಿಕೆಯ ನಾದ, ‘ಉಧೋ ಉಧೋ’ ಎಂಬ ಘೋಷ, ಇವುಗಳ ನಡುವೆ ನಿಂತವನಿಗೆ ರಾಜಧಾನಿಯಿಲ್ಲದೆಯೂ ಊರೊಂದು ಹೇಗೆ ಬಾಳಬಲ್ಲದೆಂಬುದು ತಿಳಿಯುತ್ತದೆ.

ಆದರೆ ಕಣ್ಣುಳ್ಳ ಯಾತ್ರಿಕ ಇಲ್ಲಿಯೂ ಒಂದು ಸೆರೆಯನ್ನು ಕಾಣಬೇಕು. ದೇವಿಯ ಹೆಸರಿನಲ್ಲಿ ಬಡವರ, ದಲಿತರ ಮನೆಯ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ ತಲೆಮಾರುಗಳ ಕಾಲ ನಡೆದುಬಂದಿತು. 1934ರಲ್ಲಿ ಮುಂಬಯಿ ಪ್ರಾಂತದ ಶಾಸನವೂ 1982ರಲ್ಲಿ ಕರ್ನಾಟಕದ ಶಾಸನವೂ ಇದನ್ನು ನಿಷೇಧಿಸಿದವು. ಈ ಸೆರೆಗೆ ಕೋಟೆಯ ಗೋಡೆ ಇರಲಿಲ್ಲ, ಕಾವಲಿನ ಸಿಪಾಯಿ ಇರಲಿಲ್ಲ. ಅಂತೆಯೇ ಅದನ್ನು ಒಡೆಯುವುದು ಕಠಿಣವಾಯಿತು. ತಾಯಿಯ ಮೇಲಿನ ಭಕ್ತಿಗೆ ಕುಂದು ತಾರದೆ, ಆ ಹೆಣ್ಣುಮಕ್ಕಳ ನೋವನ್ನೂ ಮರೆಯದೆ ಗುಡ್ಡವನ್ನೇರುವುದು ಸಾಧ್ಯವಿದೆ.

ಸವದತ್ತಿಯ ಸಮೀಪದಲ್ಲಿಯೇ ನವಿಲುತೀರ್ಥ. ಗುಡ್ಡವನ್ನು ಸೀಳಿ ಹರಿದ ಮಲಪ್ರಭೆಗೆ ಅಲ್ಲಿ ಕಟ್ಟು ಹಾಕಿದ್ದಾರೆ. 1970ರ ದಶಕದಿಂದೀಚೆಗೆ ರೇಣುಕಾಸಾಗರದ ನೀರು ಬರಗಾಲದ ಸೀಮೆಗಳ ಹೊಲಗಳಿಗೆ ಹರಿಯುತ್ತಿದೆ. ಜನರ ಬಾಯಾರಿಕೆಯನ್ನು ತಣಿಸುವ ಕಟ್ಟೂ ಉಂಟೆಂದು ಇಲ್ಲಿ ಕಣ್ಣು ಕೊಂಚ ವಿಶ್ರಾಂತಿ ಪಡೆಯುತ್ತದೆ.

ಬಾಗಿಲು ಒಡೆದ ಊರು

ಹೊಳೆಯ ಗುಂಟ ಇನ್ನೂ ಕೆಳಗಿಳಿದರೆ ನೇಕಾರರ ಊರಾದ ರಾಮದುರ್ಗ. ಇದು ಭಾವೆ ಮನೆತನದ ಸಂಸ್ಥಾನವಾಗಿತ್ತು. ನರಗುಂದದ ಬಾಬಾಸಾಹೇಬನೂ ಅದೇ ಮನೆತನದವನು. 1858ರ ಮೇ ತಿಂಗಳಲ್ಲಿ ಅವನು ಬಂಡೆದ್ದಾಗ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗಕ್ಕೆ ಬಂದ. ನರಗುಂದಕ್ಕೆ ಹೋಗುವುದು ಅಪಾಯವೆಂದು ಅಲ್ಲಿಯ ಒಡೆಯನೇ ಎಚ್ಚರಿಸಿದ. ಕೇಳದೆ ಮುಂದೆ ಹೋದ ಮ್ಯಾನ್ಸನ್ ಸುರೇಬಾನಿನಲ್ಲಿ ಹತನಾದ. ಬಾಬಾಸಾಹೇಬ ಜೂನಿನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿದ, ನರಗುಂದ ಅಳಿಯಿತು. ರಾಮದುರ್ಗ 1948ರವರೆಗೂ ಸಂಸ್ಥಾನವಾಗಿ ಉಳಿಯಿತು. ಒಂದೇ ಮನೆತನದ ಎರಡು ಕವಲುಗಳಲ್ಲಿ ಒಂದು ಹೆಸರನ್ನು ಉಳಿಸಿಕೊಂಡಿತು, ಇನ್ನೊಂದು ಗದ್ದುಗೆಯನ್ನು.

ಆ ಗದ್ದುಗೆಯನ್ನು ಅಲುಗಿಸಿದವರು ರೈತರೂ ನೇಕಾರರೂ ಆದ ಸಾಮಾನ್ಯ ಪ್ರಜೆಗಳು. 1939ರ ಏಪ್ರಿಲ್ 7ರಂದು, ಬಂಧಿತರಾದ ಪ್ರಜಾಸಂಘದ ನಾಯಕರನ್ನು ಬಿಡಿಸಲೆಂದು ಜನರ ಗುಂಪು ಸೆರೆಮನೆಗೆ ನುಗ್ಗಿತು. ಕಿತ್ತೂರಿನ ರಾಣಿಗೆ ತೆರೆಯದ ಬಾಗಿಲನ್ನು ಒಂದು ಶತಮಾನದ ತರುವಾಯ ಬರಿಗೈಯ ಪ್ರಜೆಗಳು ಒಡೆದರೆಂದು ಹಿಗ್ಗಬಹುದಾಗಿತ್ತು. ಆದರೆ ಆ ದಿನ ಪೊಲೀಸರ ಕೊಲೆಯೂ ಆಯಿತು. ಹತರಾದವರೂ ಯಾರದೋ ಮನೆಯ ಮಕ್ಕಳು. ಮಹಾತ್ಮಾ ಗಾಂಧಿಯವರು ಈ ಹಿಂಸೆಯನ್ನು ಒಪ್ಪದೆ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಖಂಡಿಸಿದರು. ಸ್ವಾತಂತ್ರ್ಯದ ಹಂಬಲ ಎಷ್ಟು ಸತ್ಯವೋ ಅದಕ್ಕೆ ತಗುಲಿದ ರಕ್ತವೂ ಅಷ್ಟೇ ಸತ್ಯ. ರಾಮದುರ್ಗಕ್ಕೆ ಹೋದವರು ಎರಡನ್ನೂ ಹೊತ್ತು ಮರಳಬೇಕಾಗುತ್ತದೆ.

ನಮ್ಮ ಶಾಲೆ-ಕಾಲೇಜುಗಳ ಮಕ್ಕಳನ್ನು ವರುಷಕ್ಕೊಮ್ಮೆ ಪ್ರವಾಸಕ್ಕೆ ಕರೆದೊಯ್ಯುವ ಪರಿಪಾಠವಿದೆ. ಕಿತ್ತೂರಿನ ಕೋಟೆಯನ್ನು ತೋರಿಸಿ, ಜಯಘೋಷ ಮಾಡಿಸಿ, ಬಸ್ಸನ್ನು ಹೆದ್ದಾರಿಗೆ ತಿರುಗಿಸುವುದು ಸುಲಭ. ಸೋಲನ್ನು ಎಳೆಯರಿಗೆ ಏಕೆ ತೋರಿಸಬೇಕೆಂದು ಕೇಳುವವರೂ ಇದ್ದಾರೆ. ಗೆಲುವನ್ನು ಮಾತ್ರ ಕಂಡ ಮಗುವಿಗೆ ಚರಿತ್ರೆ ಒಂದು ಹಬ್ಬವಾಗಿ ತೋರುತ್ತದೆ. ಆ ಹಬ್ಬಕ್ಕೆ ಬೆಲೆ ತೆತ್ತವರು ಯಾರು, ಎಷ್ಟು ದಿನ, ಯಾವ ಕತ್ತಲೆಯಲ್ಲಿ ಎಂಬುದು ಸೆರೆಯ ಊರಿನಲ್ಲಿ ಮಾತ್ರ ತಿಳಿಯುತ್ತದೆ. ಮಕಸ್ಸರಿನ ಕೋಟೆಗೆ ತಮ್ಮ ಮಕ್ಕಳನ್ನು ಕರೆದೊಯ್ಯುವ ಇಂಡೊನೇಷ್ಯಾದ ಉಪಾಧ್ಯಾಯರು ಇದನ್ನು ಬಲ್ಲರು. ನಮ್ಮ ಉಪಾಧ್ಯಾಯರು ಅಷ್ಟು ದೂರ ಹೋಗಬೇಕಾಗಿಲ್ಲ. ಕಿತ್ತೂರಿನಿಂದ ಬೈಲಹೊಂಗಲಕ್ಕೆ ಬಸ್ಸಿನಲ್ಲಿ ಒಂದು ತಾಸಿನ ಪ್ರಯಾಣ.